ಕಲ್ಲು ಕುಟ್ಟಿಸಿದ ದಿನ

ಅವ್ವ ಸತ್ತ ನಲವತ್ತನೆಯ ದಿನ ನಾನು ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋದೆ. ಅದರಲ್ಲಿ ವಿಶೇಷವೇನೂ ಇಲ್ಲ. ಹಿಟ್ಟಿನ ಡಬ್ಬಿ ತಳ ಕಂಡಿತ್ತು. ಮನೆಯಲ್ಲಿ ಗಂಡ, ಇಬ್ಬರು ಹೆಣ್ಣುಮಕ್ಕಳು, ನಾನು. ನಾಲ್ಕು ಹೊಟ್ಟೆಗೆ ದಿನಕ್ಕೆ ಹದಿನಾರು ರೊಟ್ಟಿ ಬೇಕು. ಅಳಬೇಕು ಅಂತ ಒಲೆ ಆರಿಸಿ ಕೂರುವ ಪದ್ಧತಿ ನಮ್ಮ ಓಣಿಯಲ್ಲಿಲ್ಲ. ಡಬ್ಬಿಗೆ ಜೋಳ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಹೊರಟೆ. ಅಲ್ಲಿ ಆದದ್ದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ, ಬರೆಯುತ್ತಿದ್ದೇನೆ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

ನಮ್ಮೂರಿನಲ್ಲಿ ಯಾರೂ ಧ್ವನಿಯೊಂದಿಗೆ ಹುಟ್ಟುವುದಿಲ್ಲ. ಕೂಸು ಹುಟ್ಟಿದಾಗ ಬಾಯಿ ತೆರೆಯುತ್ತದೆ, ಮುಖ ಕೆಂಪಗಾಗುತ್ತದೆ, ಸದ್ದು ಬರುವುದಿಲ್ಲ. ಸೂಲಗಿತ್ತಿ ಮುಖ ನೋಡಿ, ಅತ್ತಿತು ನೋಡ್ರಿ ಎಂದು ಹೊರಗೆ ಬಂದು ಹೇಳುತ್ತಾಳೆ. ಊರಿನಲ್ಲಿ ಯಾರಾದರೂ ಸತ್ತರೆ ಅವರ ಧ್ವನಿ ಕೆಲವು ದಿನ ಎಲ್ಲೋ ಇದ್ದು, ಆಮೇಲೆ ಯಾರದೋ ಗಂಟಲಿಗೆ ಬರುತ್ತದೆ. ಹೆಣ್ಣು ಗಂಡು ನೋಡುವುದಿಲ್ಲ, ಸಣ್ಣವರು ದೊಡ್ಡವರು ನೋಡುವುದಿಲ್ಲ. ನಮ್ಮ ಅಂಚೆಯವನಿಗೆ ಇರುವುದು ಒಬ್ಬ ಮುದುಕಿಯ ಧ್ವನಿ. ಶಾಲೆಯ ದೊಡ್ಡ ಅಕ್ಕೋರು ದನ ಕಾಯುತ್ತಿದ್ದವನ ಧ್ವನಿಯಲ್ಲಿ ಮಗ್ಗಿ ಹೇಳಿಸುತ್ತಾರೆ, ಮಕ್ಕಳು ಹಟ್ಟಿಗೆ ಹೋಗುವ ದನಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ಇದಕ್ಕೆಲ್ಲ ನಾವು ನಗುವುದಿಲ್ಲ. ಪರವೂರಿನಿಂದ ಬೀಗರು ಬಂದಾಗ ಅವರು ನಗುತ್ತಾರೆ.

ಧ್ವನಿ ಇನ್ನೂ ಬರದವರನ್ನು ಕಾಯುವವರು ಎನ್ನುತ್ತೇವೆ. ಹೆಚ್ಚಿನವರಿಗೆ ಏಳೆಂಟು ವರ್ಷದೊಳಗೆ ಬಂದುಬಿಡುತ್ತದೆ. ಕೆಲವರಿಗೆ ಇಪ್ಪತ್ತು, ಮೂವತ್ತಾದರೂ ಇಲ್ಲ. ಹುಟ್ಟುವವರು ಜಾಸ್ತಿ, ಸಾಯುವವರು ಕಡಿಮೆ, ಯಾರನ್ನು ಬೈಯುವುದು? ಅವರು ಕೈಯಲ್ಲಿ ಮಾತಾಡುತ್ತಾರೆ. ಚಿಕ್ಕಂದಿನಲ್ಲಿ ಎಲ್ಲರೂ ಆಡಿದ ಮಾತೇ ಅದು, ಎಲ್ಲರಿಗೂ ತಿಳಿಯುತ್ತದೆ. ಆದರೆ ಕೈಮಾತು ತಿಳಿಯಬೇಕಾದರೆ ಎದುರಿನವರು ಮುಖ ಎತ್ತಿ ನೋಡಬೇಕು. ಮುಖ ಅತ್ತ ತಿರುಗಿಸಿಕೊಂಡರೆ ಕಾಯುವವರ ಮಾತು ಅಲ್ಲಿಗೇ ಮುಗಿಯಿತು.

ನನಗೆ ಆರನೇ ವರ್ಷಕ್ಕೇ ಧ್ವನಿ ಬಂತು, ಬಳೆಗಾರ ಫಕೀರಪ್ಪನದು. ಅಂಗಳದಲ್ಲಿ ನಿಂತು ಮೊದಲ ಸಲ ಅವ್ವಾ ಎಂದು ಕೂಗಿದಾಗ ಓಣಿಯ ಹೆಂಗಸರು ಮಣಿಕಟ್ಟು ಮುಂದೆ ಮಾಡಿಕೊಂಡು ಹೊರಗೆ ಬಂದರಂತೆ. ನಮ್ಮೂರಿನ ಹಿರಿಯರ ಕಟ್ಟೆಯ ನೇಮವೊಂದಿದೆ: ಧ್ವನಿ ಬಂದವರು ಮೊದಲ ವರ್ಷ ಅದನ್ನು ಸತ್ತವರು ಬಳಸಿದ ಹಾಗೆಯೇ ಬಳಸಬೇಕು. ಫಕೀರಪ್ಪ ಕೂಗಿಯೇ ಬದುಕಿದವನು, ಹಾಗಾಗಿ ಒಂದು ವರ್ಷ ನನ್ನನ್ನು ಕೂಗಲು ಬಿಟ್ಟರು. ವರ್ಷ ತುಂಬಿದ ಮರುದಿನ ಅಪ್ಪ ಕರೆದು, ಇನ್ನ ಸಾಕು, ಹೆಣ್ಣುಮಗಳು ನೀನು ಎಂದ. ಆ ಧ್ವನಿಯನ್ನು ಮಡಚಿ ಇಟ್ಟೆ. ಅದಾದ ಮೇಲೆ ನಾನು ಕೂಗಿದ್ದು ಎರಡು ಹೆರಿಗೆಗಳಲ್ಲಿ ಮಾತ್ರ.

ಇನ್ನೊಂದು ನೇಮವಿದೆ. ಸತ್ತವರ ಧ್ವನಿ ಎಲ್ಲಾದರೂ ಕೇಳಿಸಿದರೆ ಅವರ ಮನೆಯವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ದಾಟಿ ಹೋಗಬೇಕು. ಆದರೆ ಮೊದಲ ವರ್ಷದಲ್ಲಿ ಆ ಧ್ವನಿಯನ್ನು ಕೆಡಿಸುತ್ತಿದ್ದಾರೆ ಎನಿಸಿದರೆ ಮನೆಯವರು 'ಕೆಟ್ಟೈತಿ' ಎಂದು ಒಂದು ಮಾತು ಹೇಳಿದರೆ ಸಾಕು. ಆ ಧ್ವನಿ ಬಂದವರ ಕೊರಳಿಗೆ ಕರಿ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಕಟ್ಟಿಸಿಕೊಂಡವರು ಒಂದು ವರ್ಷ ಮಾತಾಡುವಂತಿಲ್ಲ, ಆಡಿದರೂ ಯಾರೂ ಕೇಳುವಂತಿಲ್ಲ. ಕಿವಿ ಮುಚ್ಚಿಕೊಂಡವರಿಗೆ ಕೆಟ್ಟದ್ದು ಹೇಗೆ ತಿಳಿಯುತ್ತದೆ ಎಂದು ಕೇಳಬೇಡಿ. ನಮ್ಮ ಹಿರಿಯರು ಅಷ್ಟು ದೂರ ಯೋಚನೆ ಮಾಡಿದವರಲ್ಲ.

ಅವ್ವನ ಹೆಸರು ಬಾಳವ್ವ. ಅವಳ ಧ್ವನಿ ದೊಡ್ಡದು, ಆದರೆ ಅದು ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದೂ ಅವಳು ನಿದ್ದೆಯಲ್ಲಿ ಕನವರಿಸಿದಾಗ. ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟ ಹಿತ್ತಾಳೆ ತಾಟುಗಳು ಗುಂಯ್ ಎನ್ನುತ್ತಿದ್ದವು. ಎಚ್ಚರವಿದ್ದಾಗ ಅವಳ ಮಾತು ಸೆರಗಿನ ಆಚೆ ದಾಟುತ್ತಿರಲಿಲ್ಲ. ಮೊದಲು ಅವಳ ಅತ್ತೆ, ಮೆಲ್ಲಕ ಎಂದಳು. ಆಮೇಲೆ ಅಪ್ಪ ಎಂದ. ಅವರಿಬ್ಬರೂ ಹೋದ ಮೇಲೆ ಆ ಕೆಲಸ ನಾನು ವಹಿಸಿಕೊಂಡೆ. ಬಜಾರದಲ್ಲಿ, ಮದುವೆಯಲ್ಲಿ, ಬೀಗರ ಎದುರು, ಎಲ್ಲಿ ಹೋದರೂ ಅವಳ ತೋಳು ಮುಟ್ಟಿ, ಅವ್ವಾ ಮೆಲ್ಲಕ ಎನ್ನುವುದು ನನಗೆ ಚಟವಾಗಿತ್ತು. ಈಗ ನೆನೆದರೆ ನನ್ನ ಕೈಗೆ ನಾನೇ ಬರೆ ಹಾಕಿಕೊಳ್ಳಬೇಕು ಎನಿಸುತ್ತದೆ.

ಗಿರಣಿಯ ಅಡಿವೆಪ್ಪನ ವಿಷಯಕ್ಕೆ ಬರುತ್ತೇನೆ. ಊರಿಗೆ ಒಂದೇ ಗಿರಣಿ, ಅದು ಅವನದು. ಕಟ್ಟೆಯ ಹಿರಿಯರಲ್ಲಿ ಅವನೂ ಒಬ್ಬ. ಬೀಸಿ ಬೀಸಿ ಗಿರಣಿಯ ಕಲ್ಲು ನುಣ್ಣಗಾದಾಗ ಉಳಿಯಿಂದ ಅದನ್ನು ಕುಟ್ಟಿಸಬೇಕು. ಕುಟ್ಟಿಸಿದ ದಿನ ಮೊದಲು ಹಾಕಿದ ಕಾಳಿನ ಹಿಟ್ಟಿಗೆ ಕಲ್ಲಿನ ಪುಡಿ, ಹರಳು ಸೇರುತ್ತದೆ. ಅವನ ಅಪ್ಪನ ಕಾಲದಲ್ಲಿ ಮನೆಯದೇ ನಾಲ್ಕು ಸೇರು ಕಾಳು ಹಾಕಿ, ಬೀಸಿ, ಚೆಲ್ಲಿಬಿಡುತ್ತಿದ್ದರು. ಅಡಿವೆಪ್ಪ ಬುದ್ಧಿವಂತ. ಕಲ್ಲು ಕುಟ್ಟಿಸಿದ ದಿನ ಪಾಳಿಯಲ್ಲಿ ಕಾಯುವವರು ಯಾರಿದ್ದರೂ ಕೈಹಿಡಿದು ಮುಂದೆ ಕರೆಯುತ್ತಿದ್ದ. "ಬಾರವ್ವಾ, ನೀ ಮೊದಲ ಬಾ. ಕಾಯೋರನ್ನ ಮತ್ತ ಕಾಯಿಸಬಾರದು," ಎನ್ನುತ್ತಿದ್ದ. ನೋಡಿದವರು, ಎಂಥ ದೊಡ್ಡ ಮನಸ್ಸು ಎನ್ನಬೇಕು. ಅವರ ಜೋಳ ಕಲ್ಲನ್ನು ತೊಳೆಯುತ್ತಿತ್ತು, ಆಮೇಲೆ ನಮ್ಮ ಹಿಟ್ಟು ಬೆಣ್ಣೆಯಂತೆ ಬೀಳುತ್ತಿತ್ತು. ಅವರು ಮನೆಯಲ್ಲಿ ಹರಳಿನ ರೊಟ್ಟಿ ತಿಂದು, ಮರುದಿನ ಬಂದು ಕೈಯಲ್ಲಿ ಹೇಳಿದರೆ ಅಡಿವೆಪ್ಪ ಬೆನ್ನು ತಿರುಗಿಸಿ ಮೋಟಾರಿಗೆ ಎಣ್ಣೆ ಬಿಡುತ್ತಿದ್ದ. ಇದು ಪಾಳಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಂಥದ್ದೇ ಒಂದು ದಿನ ಅವ್ವ ನನ್ನ ಜೊತೆ ಬಂದಿದ್ದಳು. ಹಸಿರು ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದ ಹೆಂಗಸೊಬ್ಬಳನ್ನು ಅಡಿವೆಪ್ಪ ಮುಂದೆ ಕರೆದ. ಅವ್ವ ಒಂದು ಹೆಜ್ಜೆ ಮುಂದಿಟ್ಟು, "ಅಡಿವೆಪ್ಪಾ," ಎಂದಳು. ಅಷ್ಟೇ. ನಾನು ಅವಳ ತೋಳು ಚಿವುಟಿ, "ಅವ್ವಾ, ಸುಮ್ನಿರು. ನಮ್ಮ ಹಿಟ್ಟು ಚೊಲೊ ಬರತೈತಲ್ಲ," ಎಂದೆ. ಅವ್ವ ಬಾಯಿ ಮುಚ್ಚಿದಳು. ದಾರಿಯುದ್ದಕ್ಕೂ ತೋಳು ಸವರಿಕೊಳ್ಳುತ್ತ ಬಂದಳು. ಮತ್ತೆಂದೂ ಗಿರಣಿಗೆ ಬರಲಿಲ್ಲ.

ಈ ಸಲ ನಾನು ಹೋದಾಗಲೂ ಮೆಟ್ಟಿಲ ಮೇಲೆ ಕಲ್ಲಿನ ಪುಡಿ ಬಿದ್ದಿತ್ತು. ಕಲ್ಲು ಬೆಳಿಗ್ಗೆಯಷ್ಟೇ ಕುಟ್ಟಿಸಿದ್ದಾರೆ ಎಂದು ತಿಳಿಯಿತು. ಪಾಳಿಯಲ್ಲಿ ನಮ್ಮ ಓಣಿಯ ಶಿವಕ್ಕ, ಇನ್ನೂ ಮೂರು ಜನ, ಕೊನೆಗೆ ನಾನು. ನನ್ನ ಹಿಂದೆ ಬಂದು ನಿಂತವಳು ಅದೇ ಹಸಿರು ಬಟ್ಟೆಯ ಬುಟ್ಟಿಯ ಹೆಂಗಸು. ಮೂವತ್ತರ ಹತ್ತಿರದ ವಯಸ್ಸು, ಸಣಕಲು ಕೈಗಳು. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ. ಕಾಯುವವರ ಹೆಸರು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು? ಅಡಿವೆಪ್ಪ ಅವಳನ್ನು ನೋಡಿದ ಕೂಡಲೇ ಹಲ್ಲು ಬಿಟ್ಟು ಬಂದ.

"ಬಾರವ್ವಾ, ನೀ ಮೊದಲ ಬಾ," ಎಂದು ಬುಟ್ಟಿಗೆ ಕೈ ಹಾಕಿದ.

ಅವಳು ಬುಟ್ಟಿ ಬಿಡಲಿಲ್ಲ.

"ಬ್ಯಾಡ."

ಅದು ಅವ್ವನ ಧ್ವನಿ. ಸೆರಗಿನೊಳಗಿನ ಧ್ವನಿಯಲ್ಲ, ತಾಟು ಗುಂಯ್ ಎನ್ನಿಸುತ್ತಿದ್ದ ಧ್ವನಿ. ಚಿಕ್ಕಂದಿನಿಂದ ಕಲಿತ ನೇಮ, ಕೈಗಳು ತಾವಾಗಿಯೇ ಎರಡೂ ಕಿವಿಯ ಹತ್ತಿರ ಹೋದವು.

"ನನ್ನ ಪಾಳಿ ಕಡೀದು. ಕಡೀಕೇ ಹಾಕು," ಎಂದಳು ಅವಳು. ಧ್ವನಿ ಹೊಸದು, ಅಳತೆ ಇನ್ನೂ ಸಿಕ್ಕಿರಲಿಲ್ಲ. ಒಂದು ಮಾತು ಗಿರಣಿ ತುಂಬುತ್ತಿತ್ತು, ಮುಂದಿನದು ಉಸಿರಿನಷ್ಟೇ ಬರುತ್ತಿತ್ತು. ಬಾಯಿಯ ಜೊತೆಗೆ ಕೈಯೂ ಮಾತಾಡುತ್ತಿತ್ತು. "ಮೊದಲ ನಿನ್ನ ಜ್ವಾಳ ಹಾಕು ಕಾಕಾ. ಹುಟ್ಟಿದಾಗಿಂದ ಹರಳು ತಿಂದೇನಿ. ನಮ್ಮವ್ವ ಹಲ್ಲು ಮುರಕೊಂಡ್ಲು. ನಾಕು ಸಲ ಬಂದು ಕೈಲೆ ಹೇಳಿದೆ, ನೀ ಬೆನ್ನು ತೋರಿಸಿದಿ. ಈಗ ಬೆನ್ನು ತಿರಿಗಿಸು ನೋಡೋಣು. ಬೆನ್ನಿಗೂ ಕೇಳತೈತಿ."

ಶಿವಕ್ಕ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಅಡಿವೆಪ್ಪ ಒಂದು ಗಳಿಗೆ ಪೆಚ್ಚಾದ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು, ಕಿವಿಯ ಹತ್ತಿರ ನಿಂತಿದ್ದ ನನ್ನ ಕೈಗಳ ಮೇಲೆ. ಅವನ ಮುಖ ಅರಳಿತು.

"ಅರೆರೆ, ಕಸ್ತೂರೆವ್ವಾ! ಇದು ನಿಮ್ಮವ್ವನ ಧ್ವನಿ ಏನು? ಬಾಳವ್ವಂದಾ?" ಎಂದು ಗಲ್ಲಾದ ಕೆಳಗಿನ ಖಾನೆ ಎಳೆದ. ಎಣ್ಣೆ ಡಬ್ಬಿಯ ಪಕ್ಕದಲ್ಲಿ ಸುತ್ತಿಟ್ಟಿದ್ದ ಕರಿ ಪಟ್ಟಿ ತೆಗೆದ. "ಆ ಮಹಾತಾಯಿ ಒಂದ ದಿವಸ ದನಿ ಎತ್ತಿದಾಕಿ ಅಲ್ಲ. ಈಕಿ ನೋಡು, ಹೆಂಗ ಕೆಡಸಾಕತ್ತಾಳ. ಒಂದ ಮಾತು ಹೇಳವಾ. ಕೆಟ್ಟೈತಿ ಅನ್ನು. ಉಳಿದಿದ್ದು ನಾ ನೋಡ್ಕೋತೀನಿ."

ಬುಟ್ಟಿಯ ಹೆಂಗಸು ನನ್ನ ಕಡೆ ತಿರುಗಿದಳು. ಅವಳಿಗೆ ಇದು ಯಾರ ಧ್ವನಿ ಎಂದು ಗೊತ್ತಿರಲಿಲ್ಲ. ಅವ್ವನ ದೊಡ್ಡ ಧ್ವನಿ ಊರಿಗೇ ಗೊತ್ತಿಲ್ಲದ್ದು, ಗುರುತಿಸಿ ಯಾರು ಹೇಳಬೇಕು? ಮಾತು ಮರೆತು ಹಳೆಯ ಅಭ್ಯಾಸದಂತೆ ಕೈಯಲ್ಲಿ ಕೇಳಿದಳು: ನಿಮ್ಮವ್ವನದಾ? ನಾನು ಹೌದು ಎಂದು ತಲೆ ಆಡಿಸಿದೆ. ಅವಳು ಒಂದು ಕೈಯನ್ನು ಕೊರಳ ಮೇಲೆ ಇಟ್ಟುಕೊಂಡಳು. ಯಾರಾದರೂ ಕಿತ್ತುಕೊಳ್ಳುತ್ತಾರೆ ಎನ್ನುವಂತೆ, ಬಿಗಿಯಾಗಿ.

"ಬಂದು ನಾಕ ದಿನ ಆತು," ಎಂದಳು. ಈಗ ಧ್ವನಿ ಇಳಿದಿತ್ತು. "ನನಗ ಗೊತ್ತಿರಲಿಲ್ಲ ಅಕ್ಕ. ತಪ್ಪಾತು. ಮೆಲ್ಲಕ ಮಾತಾಡ್ತೀನಿ."

ಆ ಮಾತು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ. ಜೋರಾಗಿ ಆಡಿದಾಗ ಅದು ಪರಕೀಯ ಹೆಂಗಸಿನ ಬಾಯಲ್ಲಿದ್ದ ಅವ್ವನ ಧ್ವನಿ, ಅಷ್ಟೇ. ತಪ್ಪಾತು, ಮೆಲ್ಲಕ ಎಂದಾಗ ಅದು ಪೂರ್ತಿ ಅವ್ವನೇ. ಅದೇ ಕುಗ್ಗು, ಅದೇ ಅರ್ಧಕ್ಕೆ ನುಂಗುವುದು. ನಲವತ್ತು ವರ್ಷ ನಾವೆಲ್ಲ ಸೇರಿ ಕಲಿಸಿದ ಮಾತು ಇವಳ ಗಂಟಲಿಗೂ ಬಂದು ಕೂತಿತ್ತು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಅಡಿವೆಪ್ಪನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ನಾನು ಕೈ ಕೆಳಗಿಳಿಸಿದೆ.

"ಅಡಿವೆಪ್ಪಣ್ಣಾ, ಧ್ವನಿ ಕೆಟ್ಟಿಲ್ಲ," ಎಂದೆ. "ನಮ್ಮವ್ವನ ಹತ್ರ ಇದ್ದಾಗ ಕೆಟ್ಟಿತ್ತು. ಕೆಡಿಸಿದವರು ನಾವು. ಈಗ ರಿಪೇರಿ ಆಗೇತಿ."

"ಏನ ಮಾತಾಡ್ತಿ ಕಸ್ತೂರಿ," ಎಂದು ಶಿವಕ್ಕ ನನ್ನ ತೋಳು ಹಿಡಿದು ಚಿವುಟಿದಳು. "ಸುಮ್ನಿರು. ಇವತ್ತ ಕಲ್ಲು ಕುಟ್ಟಿಸ್ಯಾರ. ಆಕೀದು ಮೊದಲ ಹಾಕದಿದ್ರ ನಂದು ಹಾಕ್ತಾನ."

ನಾನು ಚಿವುಟಿದ ಜಾಗದಲ್ಲೇ ಚಿವುಟಿದ್ದಳು. ಅವ್ವನಿಗೆ ಹೀಗೇ ನೋವಾಗಿರಬೇಕು ಎಂದುಕೊಂಡೆ.

"ನಾಕು ವರ್ಷದ ಹಿಂದ ಇದ ಮಾತು ಹೇಳಾಕ ನಮ್ಮವ್ವ ಇಲ್ಲೇ ಬಾಯಿ ತೆಗದಿದ್ಲು," ಎಂದೆ ಎಲ್ಲರಿಗೂ ಕೇಳುವ ಹಾಗೆ. "ನಾ ಚೂಟಿ ಬಾಯಿ ಮುಚ್ಚಿಸಿದೆ. ಆ ಮಾತು ಬಾಕಿ ಉಳದೈತಿ." ಆಮೇಲೆ ಬುಟ್ಟಿಯವಳ ಕಡೆ ತಿರುಗಿ, "ತಂಗಿ, ಮೆಲ್ಲಕ ಬ್ಯಾಡ. ಇನ್ನೂ ಜೋರಾಗಿ ಹೇಳು," ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೋ ಎಂದು ಪರೀಕ್ಷೆ ಮಾಡಿದಳು. ಆಮೇಲೆ ಬುಟ್ಟಿಯನ್ನು ನೆಲಕ್ಕಿಟ್ಟು, ಎದೆ ತುಂಬ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಅಡಿವೆಪ್ಪ ಓಡಿ ಹೋಗಿ, ಕಾಳು ಹಾಕದೆಯೇ ಮೋಟಾರು ಚಾಲೂ ಮಾಡಿದ. ಅದರ ಬೆಲ್ಟು ಪಟಪಟ ಬಡಿಯಿತು, ತಗಡಿನ ಮಾಡು ನಡುಗಿತು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಬಾರದು. ಪಾಳಿಯವರು ಏನು ಕೇಳಿದರೂ ಅವನು ಇದೇ ಉಪಾಯ ಮಾಡುತ್ತಿದ್ದ.

"ಅಡಿವೆಪ್ಪಾ!"

ಗಿರಣಿಯ ಸದ್ದಿನ ಮೇಲೆ ಅವ್ವನ ಧ್ವನಿ ಎದ್ದು ನಿಂತಿತು. ನಾಲ್ಕು ವರ್ಷದ ಹಿಂದೆ ಆ ಹೆಸರಿನ ಮೇಲೆಯೇ ನಿಂತಿದ್ದ ಮಾತು ಅಲ್ಲಿಂದಲೇ ಮುಂದೆ ಹೊರಟಿತು.

"ಅಡಿವೆಪ್ಪಾ, ನಿನ್ನ ಜ್ವಾಳ ಮೊದಲ! ನಿನ್ನ ಮನೀ ಚೀಲ ಬಿಚ್ಚು! ನಿನ್ನ ಹರಳು ನೀ ತಿನ್ನು!"

ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಇಷ್ಟು ದೊಡ್ಡದನ್ನು ಅವ್ವ ಎಲ್ಲಿ ಮುಚ್ಚಿಟ್ಟಿದ್ದಳು? ಹೊತ್ತುಕೊಂಡು ಹೇಗೆ ಅಡುಗೆ ಮಾಡಿದಳು, ಹೇಗೆ ನಮ್ಮನ್ನು ಮಲಗಿಸಿದಳು? ಅಡಿವೆಪ್ಪ ಪಟ್ಟಿ ಹಿಡಿದುಕೊಂಡು ಬುಟ್ಟಿಯವಳ ಕಡೆ ಬಂದ. ಬಾಯಲ್ಲಿ ಏನೋ ಹೇಳುತ್ತಿದ್ದ, ಅವನದೇ ಮೋಟಾರಿನ ಸದ್ದಿನಲ್ಲಿ ಕೇಳಿಸಲಿಲ್ಲ. ನಾವು ಇಬ್ಬರು ಹೆಂಗಸರು, ಅವನು ಕಟ್ಟೆಯ ಹಿರಿಯ. ಶಿವಕ್ಕನೂ ಉಳಿದ ಮೂವರೂ ಗೋಡೆ ಸೇರಿದ್ದರು. ಪಟ್ಟಿ ಒಂದು ಸಲ ಕಟ್ಟಿದರೆ ಮುಗಿಯಿತು, ವರ್ಷ ತುಂಬುವ ತನಕ ಬಿಚ್ಚಲು ಯಾರಿಗೂ ಅಧಿಕಾರವಿಲ್ಲ.

ನಾನು ಓಡಿ ಗಿರಣಿಯ ಮೆಟ್ಟಿಲ ಮೇಲೆ ಬಂದೆ. ಮೂವತ್ತು ವರ್ಷದ ಹಿಂದೆ ಮಡಚಿಟ್ಟದ್ದನ್ನು ಬಿಚ್ಚಿದೆ. ಫಕೀರಪ್ಪನ ಧ್ವನಿಯಲ್ಲಿ, ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುವ ಹಾಗೆ, ಅವನು ಬಳೆ ಕೂಗುತ್ತಿದ್ದ ರಾಗದಲ್ಲೇ ಕೂಗಿದೆ.

"ಬರ್ರೀ ಅವ್ವಾ! ಬರ್ರೀ ಅಕ್ಕಾ! ಬಾಗಿಲಿಗೆ ಬಂದೈತಿ, ಬರ್ರೀ!"

ಮೊದಲು ಎದುರು ಮನೆಯ ಆಯಿ ಬಂದಳು, ಮಣಿಕಟ್ಟು ಮುಂದೆ ಮಾಡಿಕೊಂಡು. ಆಮೇಲೆ ಅವಳ ಇಬ್ಬರು ಸೊಸೆಯರು. ಆಮೇಲೆ ಪಕ್ಕದ ಓಣಿಯಿಂದ ಹಿಟ್ಟಿನ ಕೈಯವರು, ಒದ್ದೆ ಕೈಯವರು, ಕೂಸನ್ನು ಸೊಂಟದಲ್ಲಿಟ್ಟುಕೊಂಡವರು. ಕೆಲವರು ಕಾಯುವವರೂ ಇದ್ದರು. ಹದಿನೈದು ಇಪ್ಪತ್ತು ಜನ ಗಿರಣಿಯ ಬಾಗಿಲಿಗೆ ತುಂಬಿದರು.

"ಬಳಿ ಎಲ್ಲೇ?" ಎಂದಳು ಆಯಿ.

"ಬಳಿ ಇಲ್ಲ ಆಯಿ. ಹರಳು ಅದಾವ. ಒಳಗ ಬಂದು ನೋಡ್ರಿ."

ಅಷ್ಟು ಜನರ ಎದುರು ಪಟ್ಟಿ ಕಟ್ಟಬೇಕಾದರೆ ನನ್ನ ಬಾಯಿಂದ ಆ ಒಂದು ಮಾತು ಬರಬೇಕಿತ್ತು. ಬರಲಿಲ್ಲ. ಅಡಿವೆಪ್ಪ ಮೋಟಾರು ನಿಲ್ಲಿಸಿದ. ಆಯಿ ಅವನಿಗೆ ಸೋದರತ್ತೆ ಆಗಬೇಕು. ಅವಳು ಹೋಗಿ ಒಳಗಿನ ಕೋಣೆಯಲ್ಲಿದ್ದ ಅವನ ಮನೆಯ ಜೋಳದ ಚೀಲಕ್ಕೆ ಕೈ ತೋರಿಸಿದಳು. ಯಾರೋ ಬಿಚ್ಚಿದರು, ಯಾರೋ ಸೇರು ತುಂಬಿ ಗಿರಣಿಯ ಬಾಯಿಗೆ ಸುರಿದರು. ಅವನು ಮತ್ತೆ ಚಾಲೂ ಮಾಡಲೇಬೇಕಾಯಿತು. ಮೋಟಾರು ನಿಂತ ಮೇಲೆ ಆಯಿ ಆ ಹಿಟ್ಟಿನಿಂದ ಒಂದು ಚಿಟಿಕೆ ತೆಗೆದು ಉಳಿದಿದ್ದ ಎರಡು ದವಡೆ ಹಲ್ಲಿನ ನಡುವೆ ಇಟ್ಟಳು. ಕಟಕ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಕಾಯುವವರಲ್ಲಿ ಒಬ್ಬಳು ಎರಡೂ ಕೈ ಎತ್ತಿ, ಮುಖ ತಿರುಗಿಸಲು ಯಾರಿಗೂ ಜಾಗ ಇಲ್ಲದ ಹಾಗೆ ನಮ್ಮ ನಡುವೆ ನಿಂತು, ಎಷ್ಟು ವರ್ಷದಿಂದ ಎಂದು ಬೆರಳಲ್ಲಿ ಎಣಿಸಿ ತೋರಿಸಿದಳು. ಎಲ್ಲರೂ ನೋಡಿದೆವು. ಬುಟ್ಟಿಯವಳು ಒಂದು ಹಿಡಿ ಹಿಟ್ಟು ತೆಗೆದು ಅಡಿವೆಪ್ಪನ ಮುಂದೆ ಹಿಡಿದು, "ತಿನ್ನು ಕಾಕಾ, ಬಾಯಿ ತೆಗಿ," ಎಂದಳು. ಅವತ್ತು ಆ ಗಿರಣಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತವನು ಅವನೊಬ್ಬನೇ.

ಮನೆಗೆ ಬರುವಾಗ ಅವಳೂ ನಾನೂ ಸ್ವಲ್ಪ ದೂರ ಜೊತೆಯಾಗಿ ನಡೆದೆವು. ತಲೆಯ ಮೇಲೆ ನನ್ನ ಡಬ್ಬಿ ಬಿಸಿಯಾಗಿತ್ತು, ಹೊಸ ಹಿಟ್ಟಿನ ವಾಸನೆ. ಅವಳು ತನ್ನ ಹೆಸರು ಹೊಳೆವ್ವ ಎಂದಳು. ಇನ್ನೊಂದು ಸಲ ಹೊಳೆವ್ವ ಎಂದಳು, ಅದು ಕೇಳಲು ಅವಳಿಗೇ ಹಿತವಾದಂತಿತ್ತು. ನಮ್ಮ ಓಣಿಯ ತಿರುವು ಬಂದಾಗ ನಿಂತಳು.

"ಅಕ್ಕಾ, ನಿಮ್ಮವ್ವ ನಿಮಗ ಏನಂತ ಕರೀತಿದ್ರು? ಹೇಳ್ರಿ. ಒಂದ ಸಲ ಕರೀತೀನಿ. ಯಾರೂ ಕೇಳಂಗಿಲ್ಲ."

ನಲವತ್ತು ದಿನದಿಂದ ನಾನು ಬೇಡಿಕೊಂಡಿದ್ದು ಅದನ್ನೇ. ಕಸ್ತೂ ಎಂದು ಒಂದು ಸಲ ಕರೆದರೆ ಸಾಕು ಎಂದು ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಅತ್ತವಳು ನಾನು. ನಾಲಿಗೆಯ ತುದಿಗೆ ಬಂತು.

"ಬ್ಯಾಡ ತಂಗಿ," ಎಂದೆ. "ಆಕೀ ಮಾತು ಆಕಿ ಜೊತಿ ಹೋತು. ಜೀವನಪೂರ್ತಿ ಮಂದಿ ಹೇಳಿದ್ದು ಕೇಳಿದ ಧ್ವನಿ ಅದು. ನಾನೂ ಮತ್ತ ಹೇಳಿಕೊಡಾಕ ಒಲ್ಲೆ. ನೀ ನಿನ್ನ ಮಾತು ಆಡು."

ಮೂರನೆಯ ದಿನ ಕಟ್ಟೆಯವರು ನನ್ನನ್ನು ಕರೆಸಿದರು. ಹೊಳೆವ್ವನ ಮೇಲೆ ಹೇಳಲು ಅವರಿಗೆ ಏನೂ ಸಿಗಲಿಲ್ಲ, ಮನೆಯವಳಾದ ನಾನೇ ಕೆಟ್ಟಿಲ್ಲ ಎಂದಿದ್ದೆನಲ್ಲ. ನನ್ನ ಮೇಲೆ ಸಿಕ್ಕಿತು. ತಾಯಿಯ ಧ್ವನಿ ಕೇಳಿಸಿದಾಗ ಕಿವಿ ಮುಚ್ಚಿಕೊಳ್ಳಲಿಲ್ಲ, ಅದೊಂದು ತಪ್ಪು. ಬಳೆ ಇಲ್ಲದೆ ಬಳೆಗಾರನ ಕೂಗು ಕೂಗಿದೆ, ಅದು ಎರಡನೆಯದು. ತಪ್ಪಾಯಿತು ಅನ್ನು, ಬಿಡುತ್ತೇವೆ ಎಂದರು. ಆ ಮಾತನ್ನು ನಮ್ಮ ಮನೆಯಲ್ಲಿ ಸಾಕಷ್ಟು ಆಡಿ ಮುಗಿಸಿದ್ದಾರೆ ಎಂದೆ. ಖಾನೆಯಿಂದ ತೆಗೆದ ಅದೇ ಪಟ್ಟಿಯನ್ನು ಅಡಿವೆಪ್ಪ ನನ್ನ ಕೊರಳಿಗೆ ಕಟ್ಟಿದ. ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ.

ಹಾಗಾಗಿ ಒಂದು ವರ್ಷ ನಾನು ಮಾತಾಡುವಂತಿಲ್ಲ. ಬರೆಯಬಾರದು ಎಂದು ಅವರಿಗೆ ಹೊಳೆಯಲಿಲ್ಲ. ಮನೆಯಲ್ಲಿ ಕೈಮಾತು ಆಡುತ್ತೇನೆ. ಮಕ್ಕಳು ನನ್ನ ಮುಖ ನೋಡಿಯೇ ಮಾತಾಡಬೇಕು, ಗಂಡನೂ ನೋಡಬೇಕು, ಅದೊಂದು ಲಾಭ. ನಮ್ಮ ಮನೆಯಿಂದ ಗಿರಣಿ ಎರಡು ಓಣಿ ದೂರ. ತಿಂಗಳಿಗೊಮ್ಮೆ ಕಲ್ಲು ಕುಟ್ಟಿಸಿದ ದಿನ ಬೆಳಿಗ್ಗೆ ಹೊಳೆವ್ವ ಅಲ್ಲಿ ಬಂದು ನಿಲ್ಲುತ್ತಾಳೆ, ಅವಳ ಜೋಳ ಇರಲಿ ಬಿಡಲಿ. "ಅಡಿವೆಪ್ಪಾ, ನಿನ್ನ ಜ್ವಾಳ ಮೊದಲ!" ಎನ್ನುವುದು ನನ್ನ ಅಡುಗೆಮನೆಯವರೆಗೆ ಬರುತ್ತದೆ. ಹಲಗೆಯ ಮೇಲಿನ ಅವ್ವನ ತಾಟುಗಳು ಗುಂಯ್ ಎನ್ನುತ್ತವೆ. ಕಿವಿ ಮುಚ್ಚಿಕೊಳ್ಳಬೇಕು ಎಂದು ನೇಮ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಏಳುತ್ತೇನೆ, ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆಯುತ್ತೇನೆ.